ಹಸಿ ಬಿದಿರಿಗೆ ದಾರ ಕಟ್ಟಿದರೆ ಗಾಳ ಆಗಲ್ಲ

ನಮ್ಮ ತೀರ್ಥಹಳ್ಳಿ ಕಡೆ ಮಳೆ ಹಿಡಿಯುವ ಹೊತ್ತಿಗೆ ಹುಡುಗರಿಗೆಲ್ಲ ಗಾಳದ ಹುಚ್ಚು ಹತ್ತುತ್ತದೆ. ಹತ್ತಲಿ, ಸಂತೋಷವೇ. ಆದರೆ ಮೊನ್ನೆ ಮೊಮ್ಮಗ ಹಿತ್ತಲಿನ ಹಸಿ ಬಿದಿರು ಕಡಿದು, ಅರ್ಧ ಗಂಟೆಯಲ್ಲಿ ನೈಲಾನ್ ದಾರ ಕಟ್ಟಿ, ತುದಿಗೆ ಕರೆಂಟಿನ ಕಪ್ಪು ಟೇಪು ಸುತ್ತಿ ಹೊರಟದ್ದು ನೋಡಿ ನನಗೆ ತಡೆಯಲಿಲ್ಲ. ಎರಡೇ ದಿನಕ್ಕೆ ಕೋಲು ಕುಡುಗೋಲಿನ ಹಾಗೆ ಬಾಗಿತ್ತು. ಟೇಪು ನೀರಿಗೆ ಬಿಟ್ಟುಕೊಂಡು ಕೈಗೆಲ್ಲ ಅಂಟು.

ಗಾಳದ ಕೋಲು ಚಳಿಗಾಲದಲ್ಲೇ ಆಗಬೇಕಾದ ಕೆಲಸ. ಮಳೆ ಬಂದ ಮೇಲೆ ಕತ್ತಿ ಹಿಡಿದು ಓಡಿದರೆ ಅದು ಒಣಗುವುದು ಯಾವಾಗ? ಕಿರುಬಿದಿರೇ ಬೇಕು, ಒಳಗೆ ಗಟ್ಟಿ ಇರುತ್ತದೆ. ಎರಡು ಮೂರು ಮಳೆ ಕಂಡ ಗಳ ಆರಿಸಿ. ಬುಡ ಹೆಬ್ಬೆರಳಿಗಿಂತ ತುಸು ದಪ್ಪ, ತುದಿ ಕಿರುಬೆರಳಿಗಿಂತ ಸಪೂರ. ಹರಿಯುವ ನೀರಲ್ಲಿ ಕಲ್ಲು ಹೇರಿ ಎರಡು ಮೂರು ವಾರ ಮುಳುಗಿಸಿಡಿ. ಒಳಗಿನ ಗಂಜಿ ತೊಳೆದುಹೋಗುತ್ತದೆ. ಕುಟ್ಟೆ ಹುಳ ಬರುವುದೇ ಆ ಗಂಜಿಗೆ. ಆಮೇಲೆ ನೆರಳಲ್ಲಿ ನೇತುಹಾಕಿ ಒಣಗಿಸಿ. ಗೋಡೆಗೆ ಒರಗಿಸಿದರೆ ಬಾಗಿಕೊಂಡೇ ಒಣಗುತ್ತದೆ.

ಈಗ ಮುಖ್ಯ ವಿಷಯ, ಕೋಲನ್ನು ನೆಟ್ಟಗೆ ಮಾಡುವುದು. ಇದನ್ನು ಬಿಟ್ಟರೆ ಉಳಿದದ್ದೆಲ್ಲ ದಂಡ. ನಮ್ಮ ಅಪ್ಪಯ್ಯ ಬೆಳಿಗ್ಗೆ ಬಚ್ಚಲೊಲೆಯ ಕೆಂಡ ಹೊರಗೆಳೆದು ಅದರ ಮುಂದೆ ಕೂರುತ್ತಿದ್ದರು. ಉರಿ ಇರಬಾರದು, ಹೊಗೆಯೂ ಇರಬಾರದು, ಬರೀ ಕೆಂಡ. ಮೊದಲು ಕೋಲನ್ನು ಕಣ್ಣಿನ ಹತ್ತಿರ ಹಿಡಿದು ಬುಡದಿಂದ ತುದಿಗೆ ನೋಡಿ. ಡೊಂಕು ಹೆಚ್ಚಾಗಿ ಗೆಣ್ಣಿನ ಹತ್ತಿರವೇ ಇರುತ್ತದೆ. ಅಲ್ಲಿಗೆ ಒಂದು ಹನಿ ಕೊಬ್ಬರಿ ಎಣ್ಣೆ ಸವರಿ, ಕೆಂಡಕ್ಕಿಂತ ಒಂದು ಗೇಣು ಮೇಲೆ ಹಿಡಿದು ತಿರುಗಿಸುತ್ತಾ ಇರಿ. ಕೈ ನಿಂತರೆ ಕಪ್ಪಾಗುತ್ತದೆ. ಸ್ವಲ್ಪ ಹೊತ್ತಿಗೆ ಸಿಪ್ಪೆ ಬೆವರಿದ ಹಾಗೆ ಮಿನುಗುತ್ತದೆ, ಬಿದಿರಿನ ಸಿಹಿ ವಾಸನೆ ಬರುತ್ತದೆ. ಆಗಲೇ ತೆಗೆದು ಮಂಡಿಗೆ ಕೊಟ್ಟು ಮೆಲ್ಲಗೆ ಒತ್ತಬೇಕು. ನೆಟ್ಟಗಾಗುವುದಕ್ಕಿಂತ ಒಂದು ಕೂದಲೆಳೆ ಜಾಸ್ತಿಯೇ ಒತ್ತಿ, ಏಕೆಂದರೆ ಅದು ಸ್ವಲ್ಪ ವಾಪಸ್ ಬರುತ್ತದೆ. ಹಾಗೇ ಹಿಡಿದುಕೊಂಡು ಒದ್ದೆ ಬಟ್ಟೆ ಸುತ್ತಿ. ಪೂರ್ತಿ ತಣ್ಣಗಾಗುವವರೆಗೆ ಬಿಡಬೇಡಿ. ನಮ್ಮ ಹುಡುಗರು ಇಲ್ಲೇ ಅವಸರ ಮಾಡುವುದು. ಒಂದು ಗೆಣ್ಣು ಆದ ಮೇಲೆ ಇನ್ನೊಂದು, ಒಟ್ಟಿಗೆ ಬೇಡ. ಟೊಳ್ಳು ಬಿದಿರಾದರೆ ಒಳಗಿನ ಗಾಳಿ ಕಾದು ಪಟ್ ಅಂತ ಸಿಡಿಯುತ್ತದೆ, ಕಣ್ಣು ಜೋಪಾನ.

ತುದಿಗೆ ಟೇಪು ಬೇಡ, ಹತ್ತಿ ದಾರ ಸಾಕು. ದಾರದ ಒಂದು ಕೊನೆಯನ್ನು ಕೋಲಿನ ಉದ್ದಕ್ಕೆ ಮಲಗಿಸಿ ಅದರ ಮೇಲೇ ಬಿಗಿಯಾಗಿ, ಒಂದಕ್ಕೊಂದು ತಾಗಿಸಿ ಸುತ್ತಿ. ಕೊನೆಯ ಏಳೆಂಟು ಸುತ್ತನ್ನು ಬೇರೆ ದಾರದ ಕುಣಿಕೆಯೊಂದರ ಮೇಲೆ ಹಾಕಿ, ಉಳಿದ ಕೊನೆಯನ್ನು ಆ ಕುಣಿಕೆಗೆ ತೂರಿಸಿ ಒಳಗಿಂದ ಎಳೆದುಬಿಡಿ. ಗಂಟೇ ಇರುವುದಿಲ್ಲ. ಮೇಲೆ ಜೇನುಮೇಣ ತಿಕ್ಕಿ. ಹಿಡಿಸೂಡಿಯನ್ನೂ ನಾನು ಹೀಗೇ ಕಟ್ಟುವುದು. ಈಗಿನವರು ರಬ್ಬರ್ ಬ್ಯಾಂಡ್ ಹಾಕಿ, ಗುಡಿಸಿದಲ್ಲೆಲ್ಲ ಕಡ್ಡಿ ಉದುರಿಸುತ್ತಾರೆ!

ಗಾಳದ ದಾರವನ್ನು ತುದಿಗೆ ಮಾತ್ರ ಕಟ್ಟಬೇಡಿ. ಕೋಲಿನುದ್ದಕ್ಕೂ ತಂದು ಬುಡಕ್ಕೆ ಬಿಗಿಯಿರಿ. ತುದಿ ಮುರಿದರೂ ಮೀನು ಕೈಬಿಡುವುದಿಲ್ಲ. ಹಾಂ, ಚಿಪ್ಪಲಗುಡ್ಡೆಯ ಮತ್ಸ್ಯಧಾಮದ ಕಡೆ ಗಾಳ ಹಿಡಿದು ಹೋಗಲೇಬಾರದು. ಮೊಟ್ಟೆ ತುಂಬಿದ ಮೀನು ಎಲ್ಲೇ ಸಿಕ್ಕಿದರೂ ನೀರಿಗೆ ಬಿಡಿ.

ಕೆಲಸ ಮುಗಿದ ಮೇಲೆ ಕೋಲು ಒರೆಸಿ, ಒಲೆಯ ಹೊಗೆ ತಾಗುವ ಅಟ್ಟದಲ್ಲಿಡಿ. ಅಪ್ಪಯ್ಯ ಮಾಡಿದ ಕೋಲೊಂದು ಇಷ್ಟು ದಿನ ನಮ್ಮ ಅಟ್ಟದಲ್ಲೇ ಇತ್ತು, ಬಣ್ಣ ಕಾಫಿ ಡಿಕಾಕ್ಷನ್ ಹಾಗಾಗಿದೆ. ಈ ಮಳೆಗಾಲಕ್ಕೆ ಅದನ್ನೇ ಮೊಮ್ಮಗನಿಗೆ ಕೊಟ್ಟಿದ್ದೇನೆ. ವಾಪಸ್ ತಂದಾಗ ತುದಿ ನೋಡಿಯೇ ಒಳಗಿಡುವುದು.