ಎಫ್‌ಪಿಯು ಇಲ್ಲದ ಚಿಪ್ಪಿನಲ್ಲಿ ಮೂರು ಫೇಸ್ ಮೀಟರ್: ನನ್ನ ಅನುಭವ

ವಿದ್ಯುತ್ ಬಳಕೆ ಅಳೆಯುವ ನಮ್ಮ ಮೀಟರ್‌ನ ಲೆಕ್ಕಗಳು ಅದರ ಅಗ್ಗದ ಚಿಪ್ಪಿನಲ್ಲಿ ಸಮಯಕ್ಕೆ ಮುಗಿಯುತ್ತಿರಲಿಲ್ಲ. ದಶಮಾಂಶ ಸಂಖ್ಯೆಗಳ (ಫ್ಲೋಟ್) ಲೆಕ್ಕ ಮಾಡುವ ಪ್ರತ್ಯೇಕ ಭಾಗ, ಅಂದರೆ ಎಫ್‌ಪಿಯು, ಅದರಲ್ಲಿಲ್ಲ. "ಚಿಪ್ ಬದಲಾಯಿಸಿಬಿಡಿ, ತಲೆನೋವು ಮುಗಿಯುತ್ತದೆ" ಎಂದವರೇ ಹೆಚ್ಚು. ಎಫ್‌ಪಿಯು ಇರುವ ಕಾರ್ಟೆಕ್ಸ್-ಎಂ4 ಹಾಕಲು ಹೊರಟರೆ ನಮಗೆ ಸಿಕ್ಕ ದರದಲ್ಲಿ ಚಿಪ್ಪಿಗೆ ಸುಮಾರು ಎರಡೂವರೆ ಪಟ್ಟು ಬೆಲೆ. ಬೋರ್ಡನ್ನು ಹೊಸದಾಗಿ ಮಾಡಿಸುವ ಖರ್ಚು ಬೇರೆ. ಸಾವಿರಗಟ್ಟಲೆ ಮೀಟರ್ ಮಾಡುವವರಿಗೆ ಲಾಭವೆಲ್ಲ ಅಲ್ಲೇ ಸೋರಿಹೋಗುತ್ತದೆ. ಹಾಗಾಗಿ 48 ಮೆಗಾಹರ್ಟ್ಸ್‌ನ ಕಾರ್ಟೆಕ್ಸ್-ಎಂ0 ಚಿಪ್ಪನ್ನೇ ಪಟ್ಟು ಹಿಡಿದು ಉಳಿಸಿಕೊಂಡೆ.

ಸೆಕೆಂಡಿಗೆ 8000 ಸ್ಯಾಂಪಲ್ (ಅಳತೆ) ಎಂದರೆ ಒಂದೊಂದಕ್ಕೆ ಸಿಗುವುದು ಚಿಪ್ಪಿನ ಗಡಿಯಾರದ 6000 ಬಡಿತ, ಅಂದರೆ 6000 ಸೈಕಲ್. ಆರು ಚಾನೆಲ್‌ಗಳ (ಮೂರು ಫೇಸ್‌ಗಳ ವೋಲ್ಟೇಜ್ ಮತ್ತು ಕರೆಂಟ್) ಫಿಲ್ಟರ್, ವರ್ಗ, ಪವರ್ ಎಲ್ಲ ಸೇರಿ ಎಪ್ಪತ್ತರಷ್ಟು ಲೆಕ್ಕ. ಫ್ಲೋಟ್ ಲೆಕ್ಕವನ್ನು ತಂತ್ರಾಂಶದಲ್ಲೇ ಮಾಡುವ ಸಾಫ್ಟ್ ಫ್ಲೋಟ್ ಲೈಬ್ರರಿ ಒಂದೊಂದಕ್ಕೂ ನೂರಕ್ಕೂ ಹೆಚ್ಚು ಸೈಕಲ್ ನುಂಗುತ್ತಿತ್ತು. ಮೊದಲೇ ಇದ್ದ ಕೋಡ್‌ನಲ್ಲಿ ಅಲ್ಲಲ್ಲಿ ಸ್ಥಿರಾಂಕಗಳ ಕೊನೆಗೆ 'ಎಫ್' ಇರಲಿಲ್ಲ. ಕಂಪೈಲರ್ ಸದ್ದಿಲ್ಲದೆ ಆ ಲೆಕ್ಕವನ್ನೆಲ್ಲ ಡಬಲ್‌ಗೆ (ಇನ್ನೂ ನಿಧಾನವಾದ 64 ಬಿಟ್ ಫ್ಲೋಟ್‌ಗೆ) ಏರಿಸಿತ್ತು. ಅದನ್ನು ಸರಿಪಡಿಸಿದರೂ ಒಂದು ಸ್ಯಾಂಪಲ್‌ನ ಲೆಕ್ಕ ಏಳು ಸಾವಿರ ಸೈಕಲ್‌ಗಿಂತ ಕೆಳಗೆ ಇಳಿಯಲಿಲ್ಲ.

ಮುಂದಿನ ಹೆಜ್ಜೆ ಕ್ಯೂ15, ಅಂದರೆ ಭಿನ್ನರಾಶಿಯನ್ನು 16 ಬಿಟ್ ಪೂರ್ಣಾಂಕವಾಗಿ ಇಟ್ಟುಕೊಂಡು, ಗುಣಿಸಿದ ಮೇಲೆ ಬಿಟ್‌ಗಳನ್ನು ಬಲಕ್ಕೆ ಸರಿಸುವ (ಶಿಫ್ಟ್) ವಿಧಾನ. ವೇಗ ಬಂತು, ಹೊಸ ಪೀಡೆಯೂ ಬಂತು. ಲೋಡ್ ಇಲ್ಲದಿದ್ದರೂ, ಅಂದರೆ ವಿದ್ಯುತ್ ಬಳಕೆಯೇ ಇಲ್ಲದಿದ್ದರೂ, ಮೀಟರ್‌ನ ಎಣಿಕೆ ನಿಧಾನವಾಗಿ ತೆವಳುತ್ತಿತ್ತು. ಸೆನ್ಸರ್ ಮೇಲೆ, ಬೋರ್ಡಿನ ಗ್ರೌಂಡ್ ಮೇಲೆ ಎಲ್ಲರೂ ಅನುಮಾನ ಪಟ್ಟರು. ಕಾರಣ ಇದ್ದದ್ದು ಶಿಫ್ಟ್‌ನಲ್ಲಿ. ಋಣ ಸಂಖ್ಯೆಯನ್ನು ಬಲಕ್ಕೆ ಸರಿಸಿದರೆ ಅದು ಸೊನ್ನೆಯ ಕಡೆಗಲ್ಲ, ಕೆಳಕ್ಕೆ ಇಳಿಯುತ್ತದೆ. -1 ಅನ್ನು ಎಷ್ಟು ಸರಿಸಿದರೂ -1 ಆಗಿಯೇ ಉಳಿಯುತ್ತದೆ. ಪ್ರತಿ ಗುಣಲಬ್ಧದಲ್ಲೂ ಸರಾಸರಿ ಕೊನೆಯ ಬಿಟ್‌ನ ಅರ್ಧದಷ್ಟು ತಪ್ಪು ಒಂದೇ ದಿಕ್ಕಿಗೆ ಬೀಳುತ್ತಿತ್ತು, ಸೆಕೆಂಡಿಗೆ ಎಂಟು ಸಾವಿರ ಸಲ.

ಕೊನೆಗೆ ನಿಂತದ್ದು ಇದು: ದಾರಿಯಲ್ಲಿ ಶಿಫ್ಟ್ ಮಾಡಲೇಬೇಡಿ. 12 ಬಿಟ್ ಸ್ಯಾಂಪಲ್‌ಗಳ ಗುಣಲಬ್ಧ ಎರಡರ 22ನೇ ಘಾತವನ್ನು ಮೀರುವುದಿಲ್ಲ. 50 ಹರ್ಟ್ಸ್‌ನ ಒಂದು ಆವರ್ತಕ್ಕೆ 160 ಸ್ಯಾಂಪಲ್. ಅಷ್ಟನ್ನೂ ಕೂಡಿಸಿದರೆ 67 ಕೋಟಿ ಚಿಲ್ಲರೆ, 32 ಬಿಟ್‌ನಲ್ಲಿ ಆರಾಮವಾಗಿ ಹಿಡಿಸುತ್ತದೆ. ಆವರ್ತ ಮುಗಿದಾಗ ಮಾತ್ರ 64 ಬಿಟ್ ಮೊತ್ತಕ್ಕೆ ಸೇರಿಸುತ್ತೇನೆ. ಸ್ಯಾಂಪಲ್‌ಗಳಲ್ಲಿ ಬೆರೆತ ಸ್ಥಿರ ಭಾಗವನ್ನು (ಡಿಸಿ) ತೆಗೆಯಲು ಗುಣಾಕಾರವೇ ಬೇಡ: ಮೊತ್ತಕ್ಕೆ ಸ್ಯಾಂಪಲ್ ಕೂಡಿಸಿ, ಮೊತ್ತವನ್ನೇ ಹತ್ತು ಬಿಟ್ ಸರಿಸಿ ಕಳೆಯುವುದು, ಅಷ್ಟೆ. ಕಟ್‌ಆಫ್, ಅಂದರೆ ಯಾವ ಆವರ್ತನಕ್ಕಿಂತ ಕೆಳಗಿನದು ಸೋಸಿಹೋಗುತ್ತದೋ ಆ ಗಡಿ, 1.2 ಹರ್ಟ್ಸ್ ಆಸುಪಾಸು. ಇಲ್ಲಿ ಶಿಫ್ಟ್ ಇದೆ ನಿಜ, ಆದರೆ ಉಳಿಕೆ ಬಿಟ್‌ಗಳು ಮೊತ್ತದಲ್ಲೇ ಇರುವುದರಿಂದ ಏನೂ ಕಳೆದುಹೋಗುವುದಿಲ್ಲ. ಈಗ ಇಡೀ ಇಂಟರಪ್ಟ್ (ಪ್ರತಿ ಸ್ಯಾಂಪಲ್ ಬಂದಾಗ ಓಡುವ ಕೋಡ್) ಆರುನೂರು ಸೈಕಲ್‌ನೊಳಗೆ ಮುಗಿಯುತ್ತದೆ.

"ಫ್ಲೋಟ್‌ನಷ್ಟು ನಿಖರ ಬರುವುದಿಲ್ಲ" ಎಂದವರಿಗೆ ಒಂದೇ ಪ್ರಯೋಗ ತೋರಿಸಿದೆ. ಸಿಂಗಲ್ (32 ಬಿಟ್) ಫ್ಲೋಟ್‌ಗೆ ಒಂದೊಂದಾಗಿ ಕೂಡಿಸುತ್ತ ಹೋದರೆ 16777216ಕ್ಕೆ ಅದು ನಿಂತುಬಿಡುತ್ತದೆ. ಆಮೇಲೆ ಎಷ್ಟು ಸಲ ಒಂದು ಕೂಡಿಸಿದರೂ ಕದಲುವುದಿಲ್ಲ. ಯೂನಿಟ್ ಎಣಿಸುವ ಯಂತ್ರಕ್ಕೆ ಇದು ತಕ್ಕುದೇ?

ನಡುವೆ, ವರ್ಗಗಳ ಸರಾಸರಿಯಿಂದ ವೋಲ್ಟೇಜ್, ಕರೆಂಟ್ ತೆಗೆಯಲು ಬೇಕಾದ ವರ್ಗಮೂಲಕ್ಕೆ, 0ಎಕ್ಸ್5ಎಫ್3759ಡಿಎಫ್ ಎಂಬ ಸಂಖ್ಯೆಯಿಂದ ವರ್ಗಮೂಲದ ವಿಲೋಮವನ್ನು (1/√x) ಬೇಗ ಅಂದಾಜಿಸುವ ಪ್ರಸಿದ್ಧ ಚಮತ್ಕಾರವನ್ನೂ ನೋಡಿದೆ. ಎಫ್‌ಪಿಯು ಇಲ್ಲದ ಕಡೆ ಅದರ ಫ್ಲೋಟ್ ಗುಣಾಕಾರಗಳೇ ದುಬಾರಿ. ಉತ್ತರವನ್ನು ಒಂದೊಂದೇ ಬಿಟ್ ಆಗಿ ತೆಗೆಯುವ ಹಳೆಯ ಪೂರ್ಣಾಂಕ ವಿಧಾನವೇ ಸಾಕು, ಸೆಕೆಂಡಿಗೆ ಕೆಲವೇ ಸಲ ತಾನೆ. ಎಸಿ ಅಲೆಯ ಕೋನಕ್ಕೆ ಪೂರ್ತಿ ಸುತ್ತನ್ನು 65536 ಎಂದು ಇಟ್ಟುಕೊಂಡೆ. 16 ಬಿಟ್ ತುಂಬಿದಾಗ ಕೋನ ತಾನಾಗಿ ಸೊನ್ನೆಗೆ ಬರುತ್ತದೆ, ಪರೀಕ್ಷಿಸುವ ಕೆಲಸವೇ ಇಲ್ಲ. ಕ್ಯಾಲಿಬ್ರೇಶನ್‌ನ (ಮೀಟರನ್ನು ಸರಿಯಾದ ಅಳತೆಗೆ ಹೊಂದಿಸುವ ಕೆಲಸದ) ಭಾಗಾಕಾರ ಕಂಪ್ಯೂಟರ್‌ನಲ್ಲೇ ನಡೆಯುತ್ತದೆ, ಚಿಪ್ಪಿಗೆ ಹೋಗುವುದು ಪೂರ್ಣಾಂಕ ಗುಣಕ ಮಾತ್ರ. ಸಣ್ಣ ಕರೆಂಟಿನಲ್ಲಿ ಗೇನ್ (ಸಂಕೇತವನ್ನು ವರ್ಧಿಸುವ ಪ್ರಮಾಣ) ಬದಲಾಗುವಾಗ ಮೊತ್ತ ಜಿಗಿಯದಂತೆ ಹೇಗೆ ಹೊಂದಿಸಿದೆ ಎಂಬುದನ್ನು ಮಾತ್ರ ಇಲ್ಲಿ ಬಿಚ್ಚಿಡುವುದಿಲ್ಲ; ಅದರಿಂದಲೇ ನಮ್ಮ ಹೊಟ್ಟೆ ತುಂಬುತ್ತಿರುವುದು.

ಅಂಕೆಗಳನ್ನು ಅಕ್ಷರವಾಗಿ ಬರೆಯುವ ಪ್ರಿಂಟ್‌ಎಫ್‌ನ ದಶಮಾಂಶ ಭಾಗವನ್ನೂ ಫ್ಲೋಟ್ ಲೈಬ್ರರಿಯನ್ನೂ ಕಿತ್ತುಹಾಕಿ, ಅಂಕೆಗಳ ನಡುವೆ ನಾನೇ ಚುಕ್ಕಿ ಇಟ್ಟೆ. ಪ್ರೋಗ್ರಾಂಗಿದ್ದ 32 ಕೆಬಿಯಲ್ಲಿ ಹತ್ತು ಕೆಬಿಗೂ ಮಿಗಿಲಾದ ಜಾಗ ಬಿಡುವಾಯಿತು. ಚಿಪ್ ಬದಲಾಯಿಸಿ ಎಂದವರೇ ಈಗ ಅಲ್ಲಿ ಬೂಟ್‌ಲೋಡರ್ (ಹೊಸ ಪ್ರೋಗ್ರಾಂ ತುಂಬಿಸುವ ಸಣ್ಣ ಕೋಡ್) ಬೇಕೆಂದು ದುಂಬಾಲು ಬಿದ್ದಿದ್ದಾರೆ.