ಕಾಡಿಗೆ ಒಯ್ಯುವ ಚಿಕ್ಕ ಚಾಕು: ಮೂರನೇ ಸಲಕ್ಕೆ ಕೈಗೆ ಕೂತಿತು

ನಾನು ಕೊಂಡ ಮೊದಲ ಚಾಕು ಇವತ್ತಿಗೂ ಹೊಸದರಂತೆ ಹೊಳೆಯುತ್ತದೆ. ಅದೇ ಅದರ ದೋಷ. ಅಲಗು 16 ಸೆಂ.ಮೀ. ಉದ್ದ, ಬೆನ್ನು 5 ಮಿ.ಮೀ. ದಪ್ಪ, ಒರೆ ಸೇರಿ ಅರ್ಧ ಕಿಲೋ ಹತ್ತಿರ ತೂಕ. ನೋಡೋಕೆ ಭಾರಿ ಜೋರು. ಸೊಂಟಕ್ಕೆ ಕಟ್ಟಿಕೊಂಡು ಕೂತರೆ ತೊಡೆಗೆ ಒತ್ತುತ್ತಿತ್ತು. ಎರಡನೇ ಸಲ ಕಾಡಿಗೆ ಹೋದಾಗ ಅದು ಬ್ಯಾಗಿನೊಳಗೆ ಸೇರಿತು. ಮೂರನೇ ಸಲ ಬ್ಯಾಗಿನ ತಳಕ್ಕೆ. ಹಗ್ಗ ಕೊಯ್ಯಬೇಕಾದಾಗೆಲ್ಲ ಜೊತೆಗಿದ್ದವರ ಪುಟ್ಟ ಚಾಕು ಕೇಳಿ ಇಸ್ಕೊಳ್ಳುತ್ತಿದ್ದೆ. ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ ಅಂತಾರಲ್ಲ, ಹಾಗಾಗಿತ್ತು.

ಬುದ್ಧಿ ಕಲಿತೆ ಅಂದುಕೊಂಡು ಪೂರ್ತಿ ಆ ಕಡೆಗೆ ವಾಲಿದೆ. ಎರಡನೆಯದು ಕೊರಳಿಗೆ ನೇತುಹಾಕುವ ಚಾಕು. ಅಲಗು 6 ಸೆಂ.ಮೀ., ಹಿಡಿ 7.5 ಸೆಂ.ಮೀ. ಬರೀ ಉಕ್ಕಿನ ಪಟ್ಟಿ, ಅದರ ಮೇಲೆ ಸುತ್ತಿದ ದಾರ. ತೂಕ ಗೊತ್ತೇ ಆಗುತ್ತಿರಲಿಲ್ಲ. ಆದರೆ ಬಗ್ಗಿದಾಗಲೆಲ್ಲ ತೂಗಾಡಿ ಗಲ್ಲಕ್ಕೆ ಬಡಿಯುತ್ತಿತ್ತು. ಪೊದೆಯೊಳಗೆ ನುಗ್ಗುವಾಗ ಕೊರಳ ದಾರ ಒಮ್ಮೆ ಕೊಂಬೆಗೆ ಸಿಕ್ಕಿಕೊಂಡಿತು. ಕೊರಳಿಗೆ ಹಾಕಿಕೊಳ್ಳಲೇಬೇಕು ಅನ್ನುವವರು ಜಗ್ಗಿದರೆ ತಾನಾಗಿ ಬಿಚ್ಚಿಕೊಳ್ಳುವ ಕೊಂಡಿಯ ದಾರವನ್ನೇ ಹಾಕಿ. ನನ್ನದರಲ್ಲಿ ಅದು ಇರಲಿಲ್ಲ.

ಅದನ್ನು ಕೈಬಿಡಲು ಮುಖ್ಯ ಕಾರಣ ಹಿಡಿ. ಮೂರೇ ಬೆರಳು ಕೂರುತ್ತಿದ್ದವು, ಕಿರುಬೆರಳು ಗಾಳಿಯಲ್ಲಿ. ಒಂದು ಸಂಜೆ ಮಳೆ ನಿಂತ ಮೇಲೆ ಕೋಲೊಂದಕ್ಕೆ ತೂತು ಕೊರೆಯುತ್ತಿದ್ದೆ. ಮೊನೆಯನ್ನು ಒತ್ತಿ ತಿರುಗಿಸುವ ಕೆಲಸ. ಮೊನೆ ಗಟ್ಟಿ ಗಂಟಿಗೆ ತಾಗಿ ನಿಂತಿತು, ಒದ್ದೆ ಕೈ ನಿಲ್ಲಲಿಲ್ಲ. ತೋರುಬೆರಳು ಜಾರಿ ಅಲಗಿನ ಮೇಲೇ ಬಂತು. ಗಾಯ ಆಳವಾಗಿರಲಿಲ್ಲ. ಒತ್ತಿ ಹಿಡಿದು ಬಟ್ಟೆ ಸುತ್ತಿದೆ, ರಕ್ತ ನಿಂತಿತು. ಆದರೆ ವಾಪಸ್ ನಡೆಯುವ ಎರಡು ಗಂಟೆ ಪೂರ್ತಿ ಆ ಹಿಡಿಯನ್ನೇ ಬೈಯುತ್ತಾ ನಡೆದೆ.

ಮೂರನೇ ಚಾಕು ಕೊಳ್ಳುವ ಮೊದಲು ಒಂದು ಕೆಲಸ ಮಾಡಿದೆ. ನಾಲ್ಕು ಸಲ ಕಾಡಿಗೆ ಹೋದಾಗ, ಚಾಕು ತೆಗೆದಾಗಲೆಲ್ಲ ಏನಕ್ಕೆ ಅಂತ ಚಿಕ್ಕ ಪುಸ್ತಕದಲ್ಲಿ ಗೀಚಿಟ್ಟೆ. ಓದಿ ನೋಡಿದರೆ ನಗು ಬಂತು. ಹಗ್ಗ ಕೊಯ್ದದ್ದು, ಪೊಟ್ಟಣ ಹರಿದದ್ದು, ಅಡುಗೆಗೆ ಹೆಚ್ಚಿದ್ದು, ಟಾರ್ಪಾಲಿಗೆ ಗೂಟ ಚೂಪು ಮಾಡಿದ್ದು, ಬೆಂಕಿಗೆ ಒಣಕಡ್ಡಿ ಹೆರೆದದ್ದು, ಕಾಲಿನ ಮುಳ್ಳು ತೆಗೆದದ್ದು. ಇಷ್ಟೇ. ಮರ ಉರುಳಿಸಿದ್ದು, ಗುಡಿಸಲು ಕಟ್ಟಿದ್ದು ಒಂದೂ ಇಲ್ಲ. ಹೆಚ್ಚಿನ ಕೆಲಸವೆಲ್ಲ ಅಲಗಿನ ಎರಡೇ ಜಾಗದಲ್ಲಿ ನಡೆದಿತ್ತು: ಹಿಡಿಗೆ ಹತ್ತಿರದ ಮೂರು ಸೆಂ.ಮೀ. ಮತ್ತು ಮೊನೆ. ನಡುವಿನದು ಸುಮ್ನೆ ಜೊತೆಗೆ ಬರುತ್ತಿತ್ತು.

ಮಡಚುವ ಚಾಕು ಸಾಕಲ್ವಾ ಅಂತ ಕೇಳಬಹುದು. ಮುಕ್ಕಾಲು ಪಾಲು ಕೆಲಸಕ್ಕೆ ಸಾಕು. ಆದರೆ ಅದರ ಕೀಲಿನೊಳಗೆ ಮಣ್ಣು, ಮರದ ಅಂಟು ಸೇರುತ್ತವೆ. ಕೊರೆಯುವಾಗ, ತಿರುಚುವಾಗ ಲಾಕ್ ಜಾರೀತೇ ಎಂಬ ಅನುಮಾನ ಹೋಗುವುದೇ ಇಲ್ಲ. ಮಡಚದ ಚಾಕಿನಲ್ಲಿ ಆ ಚಿಂತೆ ಇಲ್ಲ, ತೊಳೆಯೋದೂ ಸುಲಭ.

ಹಾಗಾಗಿ ಈ ಸಲ ಅಲಗನ್ನು ಬಿಟ್ಟು ಹಿಡಿಯಿಂದ ಶುರು ಮಾಡಿದೆ. ಮೆದು ಮರದ ತುಂಡೊಂದನ್ನು ತೆಗೆದುಕೊಂಡು ಬರೀ ಹಿಡಿಯನ್ನು ಕೆತ್ತಿದೆ. ಅಲಗಿನ ಜಾಗದಲ್ಲಿ ಒಂದು ರಟ್ಟಿನ ಚೂರು. ನನ್ನ ನಾಲ್ಕು ಬೆರಳಿನ ಅಗಲ 9 ಸೆಂ.ಮೀ. ಮೊದಲು 10 ಸೆಂ.ಮೀ. ಉದ್ದದ ಹಿಡಿ ಮಾಡಿದೆ. ಬರಿಗೈಗೆ ಸರಿ, ಗ್ಲೌಸ್ ಹಾಕಿದರೆ ಬಿಗಿ. ಇನ್ನೊಂದು 11 ಸೆಂ.ಮೀ. ಮಾಡಿದೆ. ಅದು ಕೂತಿತು. ಎತ್ತರ 30 ಮಿ.ಮೀ., ದಪ್ಪ 20 ಮಿ.ಮೀ., ಮೊಟ್ಟೆಯಾಕಾರ. ಮೊಟ್ಟೆಯಾಕಾರ ಯಾಕೆ ಅಂದರೆ, ಪೂರ್ತಿ ಉರುಟಾದರೆ ಕತ್ತಲಲ್ಲಿ ಹರಿತ ಯಾವ ಕಡೆಗಿದೆ ಅಂತ ಕೈಗೆ ತಿಳಿಯಲ್ಲ, ಒತ್ತಿದಾಗ ಹೊರಳುತ್ತದೆ ಕೂಡ. ಚಪ್ಪಟೆಯಾದರೆ ಹತ್ತು ನಿಮಿಷ ಹೆರೆಯುವಷ್ಟರಲ್ಲಿ ಅಂಗೈಗೆ ಕೊರೆಯುತ್ತದೆ. ಈ ಮರದ ಹಿಡಿಯನ್ನು ಒಂದು ವಾರ ಜೇಬಿನಲ್ಲಿಟ್ಟುಕೊಂಡು ಹಿಡಿದು ನೋಡಿದೆ. ಮನೆಯವರು ನೋಡಿ ನಕ್ಕರು. ನಗಲಿ.

ಬೆರಳಿಗೆ ಅಂತ ಗುಳಿ ತೋಡಿದ ಹಿಡಿಗಳು ಬರುತ್ತವೆ. ಅಂಗಡಿಯಲ್ಲಿ ಹಿಡಿದಾಗ ಆಹಾ ಅನ್ನಿಸುತ್ತದೆ. ಆದರೆ ಆ ಗುಳಿ ಯಾರದೋ ಬೆರಳಿನ ಅಳತೆಗೆ ಇರುತ್ತದೆ. ಮೇಲಾಗಿ ಅವು ಒಂದೇ ಹಿಡಿತಕ್ಕೆ ಸರಿ. ಹೆರೆಯುವಾಗ ಎದೆಯ ಹತ್ತಿರ ಚಾಕು ತಿರುಗಿಸಿ ಹಿಡಿಯಬೇಕಾಗುತ್ತದೆ, ಹಣ್ಣಿನ ಸಿಪ್ಪೆ ತೆಗೆಯುವಾಗ ಇನ್ನೊಂದು ರೀತಿ. ಆಗ ಗುಳಿಗಳ ನಡುವಿನ ದಿಣ್ಣೆ ಬೆರಳಿಗೆ ಚುಚ್ಚುತ್ತದೆ. ನಯವಾಗಿ, ನಡುವೆ ಸ್ವಲ್ಪ ಉಬ್ಬಿದ, ಮುಂದೆ ಬೆರಳು ತಡೆಯುವ ಚಿಕ್ಕ ಏಣು ಇರುವ ಹಿಡಿ ಸಾಕು. ಆ ಏಣು ನನಗೆ ಬೇಕೇ ಬೇಕಿತ್ತು, ಕಾರಣ ಮೇಲೆ ಹೇಳಿದ್ದೇನೆ.

ಉದ್ದ, ದಪ್ಪ ಗೊತ್ತು ಮಾಡುವುದು ಆಮೇಲೆ ಕಷ್ಟವಾಗಲಿಲ್ಲ. ಅಲಗು 9 ಸೆಂ.ಮೀ. ಅಂತ ತೀರ್ಮಾನಿಸಿದೆ. ಫಿನ್ಲೆಂಡಿನವರ ಹಳೆಯ ಪುಕ್ಕೋ ಚಾಕುಗಳನ್ನು ನೋಡಿದರೂ ಅಲಗು ಹೆಚ್ಚುಕಡಿಮೆ ಹಿಡಿಯಷ್ಟೇ ಇರುತ್ತದೆ. ಕಾಡಿನ ನಡುವೆಯೇ ಬಾಳಿದ ಜನ ಅಷ್ಟಕ್ಕೇ ತೃಪ್ತರಾಗಿದ್ದಾರೆ ಅಂದರೆ ನನ್ನದೇನು ದೊಡ್ಡ ಕೆಲಸ?

ದಪ್ಪದ ವಿಷಯದಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ಜಾಸ್ತಿ ಜನ ಎಡವುವುದು ಇಲ್ಲೇ. ದಪ್ಪ ಇದ್ದರೆ ಗಟ್ಟಿ, ಸರಿ. ಆದರೆ ಚಾಕು ಕೊಯ್ಯುವುದು ತೆಳ್ಳಗಿರುವುದರಿಂದ. ನನ್ನ 5 ಮಿ.ಮೀ. ಚಾಕನ್ನು ಎಷ್ಟೇ ಮಸೆದರೂ ಕ್ಯಾರೆಟ್ಟಿನೊಳಗೆ ಅರ್ಧ ಇಳಿಯುವಷ್ಟರಲ್ಲಿ ಅದು ಟಕ್ ಅಂತ ಎರಡಾಗಿ ಸಿಡಿಯುತ್ತಿತ್ತು. ಅದು ಕೊಯ್ಯುತ್ತಿರಲಿಲ್ಲ, ಬೆಣೆಯಂತೆ ಸೀಳುತ್ತಿತ್ತು. ಸ್ವೀಡನ್ನಿನ ಮೋರಾ ಕಂಪ್ಯಾನಿಯನ್ ಅನ್ನುವ ಸಾದಾ ಚಾಕಿನ ಅಲಗು 2.5 ಮಿ.ಮೀ. ಅದರ ಉಕ್ಕು ಹಿಡಿಯ ಕೊನೆಯವರೆಗೆ ಹೋಗುವುದೂ ಇಲ್ಲ. ಆದರೂ ಮರ ಹೆರೆಯುವುದರಲ್ಲಿ ಎಷ್ಟೋ ದುಬಾರಿ ಚಾಕುಗಳನ್ನು ಹಿಂದೆ ಹಾಕುತ್ತದೆ. ನಾನು 3 ಮಿ.ಮೀ.ಗೆ ನಿಂತೆ.

ಹರಿತದ ಆಕಾರದಲ್ಲಿ ಎರಡರ ನಡುವೆ ತೂಗಾಡಿದೆ. ಒಂದು ಸ್ಕ್ಯಾಂಡಿ: ಅಲಗಿನ ಅರ್ಧದವರೆಗೆ ಚಪ್ಪಟೆ, ಅಲ್ಲಿಂದ ಒಂದೇ ಇಳಿಜಾರು. ಆ ಇಳಿಜಾರನ್ನೇ ಸಾಣೆಕಲ್ಲಿನ ಮೇಲೆ ಚಪ್ಪಟೆ ಮಲಗಿಸಿ ಉಜ್ಜಿದರಾಯಿತು, ಕೋನ ತಪ್ಪುವ ಭಯವಿಲ್ಲ. ಮರ ಹೆರೆಯುವಾಗ ಚಕ್ಕೆ ಎಷ್ಟು ತೆಳ್ಳಗೆ ಬರಬೇಕು ಅನ್ನುವುದು ಕೈಗೆ ಸಿಗುತ್ತದೆ. ಇನ್ನೊಂದು ಫುಲ್ ಫ್ಲಾಟ್: ಬೆನ್ನಿನಿಂದಲೇ ಇಳಿಯುತ್ತಾ ಬಂದು ಕೊನೆಯಲ್ಲಿ ಚಿಕ್ಕ ಅಂಚು. ಹೆಚ್ಚುವುದಕ್ಕೆ ಇದು ಸೊಗಸು. ನನ್ನ ಪಟ್ಟಿಯಲ್ಲಿ ಅಡುಗೆ ಕೆಲಸ ಜಾಸ್ತಿ ಇತ್ತು, ಹಾಗಾಗಿ ಫ್ಲಾಟ್ ಆರಿಸಿಕೊಂಡೆ. ಕಡ್ಡಿ ಹೆರೆಯುವಾಗ ಸ್ಕ್ಯಾಂಡಿಯ ನೆನಪು ಆಗುತ್ತದೆ, ಸುಳ್ಳು ಯಾಕೆ ಹೇಳಲಿ.

ಉಕ್ಕಿನ ಬಗ್ಗೆ ಜನ ದಿನಗಟ್ಟಲೆ ಜಗಳ ಆಡುತ್ತಾರೆ. ನನಗೆ ಬೇಕಾದದ್ದು ಎರಡೇ: ತುಕ್ಕು ಬೇಗ ಹಿಡಿಯಬಾರದು, ಕಾಡಿನಲ್ಲಿ ಜೇಬಿನ ಕಲ್ಲಿನಿಂದ ಮಸೆಯೋಕೆ ಆಗಬೇಕು. 1095 ಅನ್ನುವ ಕಾರ್ಬನ್ ಉಕ್ಕು ಮಸೆಯೋಕೆ ಸುಖ, ಆದರೆ ಒದ್ದೆ ಬಿಟ್ಟರೆ ಬೆಳಗಾಗುವಷ್ಟರಲ್ಲಿ ಕಂದು ಚುಕ್ಕೆ. 12C27 ಅನ್ನುವ ಸ್ಟೇನ್‌ಲೆಸ್ ಉಕ್ಕಿನಲ್ಲಿ ಶೇ. 13ಕ್ಕಿಂತ ಸ್ವಲ್ಪ ಹೆಚ್ಚು ಕ್ರೋಮಿಯಂ ಇರುತ್ತದೆ. ಅದು ಬೇಗ ತುಕ್ಕು ಹಿಡಿಯಲ್ಲ, ಮಸೆಯೋಕೂ ಸತಾಯಿಸಲ್ಲ. ಅದನ್ನೇ ತಗೊಂಡೆ. ಹೆಸರಿಗಿಂತ ಕಾಸಿ ಹದ ಮಾಡಿದ್ದು ಹೇಗಿದೆ ಅನ್ನುವುದು ದೊಡ್ಡದು. ಒಳ್ಳೆಯ ಉಕ್ಕೂ ಹದ ತಪ್ಪಿದರೆ ಅಂಚು ಮಡಚುತ್ತದೆ, ಇಲ್ಲವೇ ಪುಡಿಯಾಗುತ್ತದೆ.

ಕೆರೆದರೆ ಕಿಡಿ ಹಾರುವ ಲೋಹದ ಕಡ್ಡಿಗೆ, ಅಂದರೆ ಫೆರೋ ರಾಡಿಗೆ, ಸ್ಟೇನ್‌ಲೆಸ್ ಆಗಲ್ಲ ಅನ್ನುವ ಮಾತು ಕೇಳಿದ್ದೆ. ಅದು ತಪ್ಪು ತಿಳಿವಳಿಕೆ. ಹಳೆಯ ಚಕಮಕಿ ಕಲ್ಲಿನಲ್ಲಿ ಕಿಡಿ ಹಾರುವುದು ಉಕ್ಕಿನಿಂದ, ಅದಕ್ಕೆ ಕಾರ್ಬನ್ ಉಕ್ಕೇ ಬೇಕು. ಫೆರೋ ರಾಡಿನಲ್ಲಿ ಕಿಡಿ ಬರುವುದು ರಾಡಿನಿಂದಲೇ. ಕೆರೆಯೋಕೆ ಚೂಪಾದ ಮೂಲೆಯಿರುವ ಗಟ್ಟಿ ವಸ್ತು ಇದ್ದರಾಯಿತು. ನನ್ನ ಚಾಕಿನ ಬೆನ್ನಿನ ಮೂಲೆಗಳು ಉರುಟಾಗಿದ್ದವು, ಕಿಡಿ ಬರಲಿಲ್ಲ. ಅರ ಹಾಕಿ ನೋಡಿದೆ, ಗಟ್ಟಿ ಉಕ್ಕಿನ ಮೇಲೆ ಅದು ಜಾರಿತು. ಆಮೇಲೆ ಒರಟು ವಜ್ರದ ಸಾಣೆಯ ಮೇಲೆ ಬೆನ್ನನ್ನು ನೆಟ್ಟಗೆ ಹಿಡಿದು ಉಜ್ಜಿದೆ. ಮೊನೆ ಕಡೆಯ 3 ಸೆಂ.ಮೀ. ಮಾತ್ರ. ಹಿಡಿ ಕಡೆ ಹೆಬ್ಬೆರಳು ಒತ್ತುವ ಜಾಗ, ಅಲ್ಲಿ ಉರುಟಾಗಿದ್ದರೇ ಒಳ್ಳೆಯದು. ಅಲಗಿನ ಹರಿತದಿಂದ ಮಾತ್ರ ರಾಡ್ ಕೆರೆಯಬೇಡಿ, ಎರಡೇ ಸಲಕ್ಕೆ ಮೊಂಡಾಗುತ್ತದೆ.

ಒರೆಯನ್ನು ಜನ ಕೊನೆಗೆ ನೋಡುತ್ತಾರೆ, ನಾನೂ ಹಾಗೇ ಮಾಡಿದೆ. ಚರ್ಮದ ಒರೆ ಬಂದಿತ್ತು. ಚೆಂದ ಇತ್ತು, ಸದ್ದಿಲ್ಲ. ಮಳೆಯಲ್ಲಿ ನೆನೆದು ಎರಡು ದಿನ ಒಣಗಲಿಲ್ಲ. ಸ್ಟೇನ್‌ಲೆಸ್ ಆದರೂ ಹಿಡಿಯ ಬುಡದಲ್ಲಿ ಸಣ್ಣ ಚುಕ್ಕೆಗಳು ಕಂಡವು. ಚಾಕನ್ನು ಚರ್ಮದೊಳಗೆ ಇಟ್ಟು ತಿಂಗಳುಗಟ್ಟಲೆ ಮರೆತುಬಿಡಬಾರದು ಅನ್ನುವುದು ಆಗ ಗೊತ್ತಾಯಿತು. ಈಗಿರುವುದು ಕೈಡೆಕ್ಸ್ ಒರೆ, ಅಂದರೆ ಬಿಸಿ ಮಾಡಿ ಅಚ್ಚು ಹಾಕಿದ ಪ್ಲಾಸ್ಟಿಕ್. ತಳದಲ್ಲಿ ನೀರು ಇಳಿಯೋಕೆ ತೂತು ಇದೆ. ಕೊಳ್ಳುವ ಮೊದಲು ಹುಲ್ಲಿನ ಮೇಲೆ ತಲೆಕೆಳಗಾಗಿ ಹಿಡಿದು ಜೋರಾಗಿ ಅಲ್ಲಾಡಿಸಿ ನೋಡಿದೆ. ಬೀಳಲಿಲ್ಲ. ಹೆಬ್ಬೆರಳಿನಿಂದ ತಳ್ಳಿ ಒಂದೇ ಕೈಯಲ್ಲಿ ತೆಗೆಯೋಕೂ ಬಂತು. ಎರಡೂ ಆಗಬೇಕು.

ಎಲ್ಲಿ ತೊಡುವುದು ಅನ್ನುವುದೂ ಯೋಚಿಸಬೇಕಾದ ವಿಷಯ. ಬೆನ್ನಿನ ಚೀಲಕ್ಕೆ ಸೊಂಟಪಟ್ಟಿ ಇದ್ದರೆ ಅದು ಬೆಲ್ಟಿನ ಮೇಲೇ ಕೂರುತ್ತದೆ, ಚಾಕು ಅದರಡಿ ಸಿಕ್ಕಿಕೊಳ್ಳುತ್ತದೆ. ನಾನು ಒಂದು ಪಟ್ಟಿ ಸೇರಿಸಿ ಒರೆಯನ್ನು ಅಂಗೈಯಷ್ಟು ಕೆಳಗೆ ಇಳಿಬಿಟ್ಟಿದ್ದೇನೆ. ಕೂತಾಗ ತಾನಾಗಿ ಪಕ್ಕಕ್ಕೆ ಸರಿಯುತ್ತದೆ.

ಬಣ್ಣ ಕೇಳಿದರೆ ಕಿತ್ತಳೆ. ಕಪ್ಪು ಹಿಡಿಯ ಚಾಕನ್ನು ಒಣಎಲೆಗಳ ನಡುವೆ ಇಟ್ಟು ಇಪ್ಪತ್ತು ನಿಮಿಷ ಮಂಡಿಯೂರಿ ಹುಡುಕಿದವನ ಮಾತಿದು.

ಇದರಿಂದ ಆಗದ ಕೆಲಸವೂ ಇವೆ. 9 ಸೆಂ.ಮೀ. ಅಲಗನ್ನು ಕಟ್ಟಿಗೆಯ ಮೇಲಿಟ್ಟು ಕೋಲಿನಿಂದ ಬಡಿದು ಸೀಳಬೇಕಾದರೆ, ಬಡಿಯೋಕೆ ಮೊನೆ ಕಡೆ ಮೂರ್ನಾಲ್ಕು ಸೆಂ.ಮೀ. ಹೊರಗೆ ಉಳಿಯಬೇಕು. ಅಂದರೆ 5 ಸೆಂ.ಮೀ. ದಪ್ಪದ ಕಟ್ಟಿಗೆಯೇ ಕೊನೆ. ಅದಕ್ಕಿಂತ ದಪ್ಪದ್ದಕ್ಕೆ ಮಡಚುವ ಚಿಕ್ಕ ಗರಗಸ ಒಯ್ಯುತ್ತೇನೆ. ಗರಗಸ ಮತ್ತು ಈ ಚಾಕು ಎರಡೂ ಸೇರಿದರೂ ನನ್ನ ಮೊದಲ ಚಾಕಿಗಿಂತ ಹಗುರ.

ಒಂದು ಮಾತು ಮರೆತಿದ್ದೆ. ಚಾಕು ಹೊತ್ತು ಓಡಾಡುವ ನಿಯಮ ಊರಿಂದ ಊರಿಗೆ ಬೇರೆ, ಕಾಯ್ದಿಟ್ಟ ಕಾಡುಗಳಲ್ಲಿ ಇನ್ನೂ ಬೇರೆ. ಹೋಗುವ ಜಾಗದ್ದು ಮೊದಲೇ ವಿಚಾರಿಸಿಕೊಳ್ಳಿ. ವಿಮಾನದಲ್ಲಿ ಕೈಚೀಲಕ್ಕೆ ಹಾಕುವ ಹಾಗಿಲ್ಲ, ಇದು ಗೊತ್ತಿದ್ದೂ ಮರೆಯುವವರಿದ್ದಾರೆ.

ಎರಡು ವರ್ಷದಿಂದ ಇದೇ ಚಾಕು ಸೊಂಟದಲ್ಲಿದೆ. ಅಲಗಿನ ತುಂಬ ಗೀರು, ಹರಿತದ ಕಡೆ ಅರ್ಧ ಮಿಲಿಮೀಟರ್ ಸವೆದಿದೆ. ಹಿಡಿಯ ಬುಡದಲ್ಲಿ, ಹರಿತ ಶುರುವಾಗುವ ಕಡೆ ಒಂದು ಚಿಕ್ಕ ಕಚ್ಚು ಇದೆ, ಅದು ತೊಗಟೆಗೆ ಸಿಕ್ಕಿಹಾಕಿಕೊಂಡು ಆಗಾಗ ಸಿಟ್ಟು ಬರಿಸುತ್ತದೆ. ಒರೆಯ ಬಿಗಿ ಈಚೆಗೆ ಸ್ವಲ್ಪ ಸಡಿಲಾಗಿದೆ. ಬಿಸಿಗಾಳಿ ಹಿಡಿದು ಮೆದು ಮಾಡಿ ಒತ್ತಬೇಕು. ಸದ್ಯಕ್ಕೆ ಒಂದು ರಬ್ಬರ್ ಬ್ಯಾಂಡ್ ಸುತ್ತಿದ್ದೇನೆ.