ಒಲೆ ಹೊಗೆಯಾಡಿದರೆ ಒಲೆಯನ್ನು ಬೈಯಬೇಡಿ

ಚಳಿ ಬಿದ್ದ ಕೂಡಲೇ ಚಿಕ್ಕವರ ದೂರು ಶುರುವಾಗುತ್ತದೆ. ಮನೆ ಕಾಯಿಸುವ ಸೌದೆ ಒಲೆ ಹೊಗೆ ಕಕ್ಕುತ್ತಿದೆಯಂತೆ, ಅದರ ಬಾಗಿಲಿನ ಗಾಜು ಕಪ್ಪಾಗಿದೆಯಂತೆ, ಹೊರೆ ಸೌದೆ ಸುಟ್ಟರೂ ಮನೆ ಬೆಚ್ಚಗಾಗುವುದಿಲ್ಲವಂತೆ. ಹೋಗಿ ನೋಡಿದರೆ ಸೌದೆ ಮೊನ್ನೆ ಮೊನ್ನೆ ಕಡಿದದ್ದು! ಹಸಿ ಮರದ ತೂಕದಲ್ಲಿ ಹೆಚ್ಚೂಕಡಿಮೆ ಅರ್ಧ ನೀರೇ ಇರುತ್ತದೆ. ಮೊದಲು ಆ ನೀರು ಆವಿಯಾಗಿ ಹೋಗಬೇಕು, ಆಮೇಲೆ ತಾನೇ ಮನೆಗೆ ಕಾವು? ಅಷ್ಟು ಹೊತ್ತೂ ನೀವು ನೀರು ಕಾಯಿಸುತ್ತಾ ಕೂತಿರುತ್ತೀರಿ.

ಸೌದೆಯನ್ನು ಸೀಳಿಯೇ ಒಣಗಿಸಬೇಕು. ದಿಮ್ಮಿ ಹಾಗೇ ಬಿದ್ದಿದ್ದರೆ ತೊಗಟೆ ಒಳಗಿನ ನೀರನ್ನು ಸುಲಭಕ್ಕೆ ಬಿಡುವುದಿಲ್ಲ. ನೆಲಕ್ಕೆ ತಾಗದಂತೆ ಕೆಳಗೆ ಅಡ್ಡಪಟ್ಟಿ ಇಟ್ಟು, ಬಿಸಿಲು ಗಾಳಿ ಎರಡೂ ಆಡುವ ಕಡೆ ಒಟ್ಟಿ. ಮುಚ್ಚಿಗೆ ಮೇಲೆ ಮಾತ್ರ. ಸುತ್ತಲೂ ಟಾರ್ಪಾಲು ಬಿಗಿದು "ಮಳೆ ತಾಗದ ಹಾಗೆ ಮಾಡಿದ್ದೇನೆ" ಅನ್ನುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಒಳಗೆ ಬೂಷ್ಟು ಹಿಡಿಯುತ್ತದೆ, ಅಷ್ಟೇ. ಮೆದು ಮರಕ್ಕೆ ಒಂದು ಬೇಸಿಗೆ ಪೂರ್ತಿ ಬೇಕು, ಗಟ್ಟಿ ಮರಕ್ಕೆ ಎರಡು ವರ್ಷ ಹಿಡಿದರೂ ಹಿಡಿಯಿತು.

ನಮ್ಮತ್ತೆ ಎರಡು ಸೀಳು ಕೈಗೆ ತೆಗೆದುಕೊಂಡು ಒಂದಕ್ಕೊಂದು ತಟ್ಟುತ್ತಿದ್ದರು. ಟಣ್ ಅಂದರೆ ಮನೆಯೊಳಗೆ, ಧಪ್ ಅಂದರೆ ವಾಪಸ್ ಒಟ್ಟಿಲಿಗೆ. ಅನುಮಾನ ಬಂದರೆ ಸೀಳಿದ ಮುಖವನ್ನು ಕೆನ್ನೆಗೆ ಒತ್ತಿ ನೋಡುತ್ತಿದ್ದರು. ತಣ್ಣಗೆ ತಾಗಿದರೆ ಇನ್ನೂ ಹಸಿ. ಈಗ ತೇವ ಅಳೆಯುವ ಮೀಟರ್ ಬಂದಿದೆ, ಒಳ್ಳೆಯದೇ ಆಯಿತು. ಆದರೆ ಅದನ್ನು ಹೊರಮೈಗೆ ಚುಚ್ಚಿ ನೋಡುತ್ತೀರಲ್ಲ, ಏನು ಪ್ರಯೋಜನ? ತುಂಡನ್ನು ಮತ್ತೆ ಸೀಳಿ, ಆಗಷ್ಟೇ ತೆರೆದ ಒಳಮೈಗೆ ಚುಚ್ಚಬೇಕು. ಶೇಕಡಾ 20ಕ್ಕಿಂತ ಕೆಳಗೆ ತೋರಿಸಿದರೆ ಒಲೆಗೆ ಹಾಕಿ. ಬಣ್ಣ ಬಳಿದ ಹಲಗೆ, ಪ್ಲೈವುಡ್ಡು, ಪ್ಲಾಸ್ಟಿಕ್ಕು ಯಾವತ್ತೂ ಬೇಡ. ಅದರ ಹೊಗೆ ವಿಷ.

ಇನ್ನು ಬೆಂಕಿ ಹೊತ್ತಿಸುವುದು. ಕೆಳಗೆ ಕಾಗದ, ಮೇಲೆ ಪುಳ್ಳೆ, ಅದರ ಮೇಲೆ ದಪ್ಪ ಸೌದೆ, ಬುಡಕ್ಕೆ ಕಡ್ಡಿ ಗೀರುವುದು. ಎಲ್ಲರೂ ಮಾಡುವುದು ಇದನ್ನೇ. ಆಗ ಮೇಲಿನ ದಪ್ಪ ಸೌದೆ ಕೂಡಲೇ ಹೊತ್ತುವುದಿಲ್ಲ, ಸುಮ್ನೆ ಬಿಸಿಯಾಗಿ ಹೊಗೆ ಬಿಡುತ್ತದೆ. ಆ ಹೊಗೆ ಉರಿಯದೆ ಹಾಗೇ ಕೊಳವೆ ಹತ್ತುತ್ತದೆ. ಹೊಗೆಯಲ್ಲೇ ಅರ್ಧಕ್ಕಿಂತ ಜಾಸ್ತಿ ಕಾವು ಇರುವುದು, ಅದನ್ನು ಆಕಾಶಕ್ಕೆ ಕಳಿಸಿ ಚಳಿ ಚಳಿ ಅಂತೀರಿ.

ನನ್ನ ಕ್ರಮ ಉಲ್ಟಾ. ದಪ್ಪದ್ದು ತಳಕ್ಕೆ, ಬೆಂಕಿ ನೆತ್ತಿಗೆ. ತಳದಲ್ಲಿ ಒಂದು ಬೆರಳು ದಪ್ಪ ಹಳೇ ಬೂದಿ ಇರಲಿ, ಪೂರ್ತಿ ಗುಡಿಸಬೇಡಿ, ಕೆಂಡಕ್ಕೆ ಅದೇ ಹಾಸಿಗೆ. ಅದರ ಮೇಲೆ ಮುಂಗೈ ದಪ್ಪದ ಎರಡು ಮೂರು ಸೀಳು, ನಡುವೆ ಬೆರಳು ತೂರುವಷ್ಟು ಸಂದು ಬಿಟ್ಟು. ಮೇಲೆ ಅಡ್ಡಡ್ಡ ಹೆಬ್ಬೆರಳ ದಪ್ಪದವು. ಅದರ ಮೇಲೆ ಮತ್ತೆ ಅಡ್ಡ, ಕಿರುಬೆರಳ ದಪ್ಪದ್ದು. ಕೊನೆಗೆ ಕಡ್ಡಿಯಷ್ಟು ತೆಳ್ಳಗಿನ ಪುಳ್ಳೆ, ಒಂದು ಹಿಡಿ. ಕಾಗದವನ್ನು ಉಂಡೆ ಮಾಡಬೇಡಿ, ಉರಿಯುತ್ತಾ ಉರುಳಿ ಬಿದ್ದುಬಿಡುತ್ತದೆ. ಉದ್ದಕ್ಕೆ ಸುರುಳಿ ಸುತ್ತಿ ಒಂದು ಗಂಟು ಹಾಕಿ. ಗಂಟು ಬಿಗಿಯಾಗಿರಲಿ, ಪುಳ್ಳೆಯ ನಡುವೆ ಸಿಕ್ಕಿಸಿದರೆ ಕದಲಬಾರದು. ಮಿರಮಿರ ಹೊಳೆಯುವ ಬಣ್ಣದ ಕಾಗದ ಆಗುವುದಿಲ್ಲ. ಕೊಳವೆ ತೀರಾ ತಣ್ಣಗಿದ್ದರೆ ಮೊದಲು ಒಂದು ಕಾಗದವನ್ನು ಕೊಳವೆಯ ಬಾಯಿ ಹತ್ತಿರವೇ ಹೊತ್ತಿಸಿ ಹಿಡಿಯಿರಿ. ಒಳಗೆ ಕೂತ ತಣ್ಣನೆ ಗಾಳಿ ಮೇಲಕ್ಕೆ ಸರಿಯುತ್ತದೆ. ಆಮೇಲೆ ಗಾಳಿಕಂಡಿ ಪೂರ್ತಿ ತೆಗೆದು, ಗಂಟಿಗೆ ಕಡ್ಡಿ ಗೀರಿ, ಬಾಗಿಲನ್ನು ಕೂದಲೆಳೆಯಷ್ಟು ತೆರೆದಿಟ್ಟು ಸ್ವಲ್ಪ ಹೊತ್ತು ಪಕ್ಕದಲ್ಲೇ ಇರಿ. ಉರಿ ಚೆನ್ನಾಗಿ ಹಿಡಿದ ಮೇಲೆ ಬಾಗಿಲು ಹಾಕಿ. ಮತ್ತೆ ಕೈ ಹಾಕಬೇಡಿ! ಕೆದಕುವ ಚಟ ಬಿಡಿ. ಬೆಂಕಿ ತಾನಾಗಿ ಒಂದೊಂದೇ ಅಂತಸ್ತು ಇಳಿಯುತ್ತದೆ. ಕೆಳಗಿನ ಸೌದೆಯಿಂದ ಏಳುವ ಹೊಗೆ ಮೇಲಿನ ಉರಿಯನ್ನು ದಾಟಿಯೇ ಹೋಗಬೇಕಲ್ಲ, ದಾಟುವಾಗ ಅದೂ ಉರಿಯುತ್ತದೆ. ಸರಿಯಾಗಿದೆಯೋ ಇಲ್ಲವೋ ನೋಡಲು ಹೊರಗೆ ಹೋಗಿ ಕೊಳವೆಯ ತುದಿ ನೋಡಿ. ಬಿಸಿ ಗಾಳಿ ನಡುಗುವುದು ಮಾತ್ರ ಕಾಣಬೇಕು. ಬೂದು ಹೊಗೆ ಕಂಡರೆ ಸೌದೆ ಹಸಿ, ಇಲ್ಲ ಗಾಳಿ ಸಾಲದು.

ರಾತ್ರಿಯಿಡೀ ಬರಲಿ ಅಂತ ಒಲೆ ತುಂಬಾ ಸೌದೆ ತುರುಕಿ ಗಾಳಿ ಮುಚ್ಚಿ ಮಲಗುವವರಿದ್ದಾರೆ. ದೇವರೇ! ಉಸಿರು ಕಟ್ಟಿದ ಬೆಂಕಿ ಹೊಗೆಯನ್ನೇ ಮಾಡುತ್ತದೆ. ಹೊಗೆ ತಣ್ಣನೆ ಕೊಳವೆಗೆ ತಾಗಿ ಕಪ್ಪು ಜಿಡ್ಡಾಗಿ ಅಂಟುತ್ತದೆ. ಅದು ದಪ್ಪವಾಗಿ ಒಂದು ದಿನ ಹೊತ್ತಿಕೊಂಡರೆ ಮಾಡಿಗೇ ಬೆಂಕಿ. ವರ್ಷಕ್ಕೊಮ್ಮೆಯಾದರೂ ಕೊಳವೆಗೆ ಬ್ರಷ್ ಹಾಕಿಸಿ. ಕಾರ್ಬನ್ ಮೊನಾಕ್ಸೈಡ್ ಪತ್ತೆ ಮಾಡುವ ಅಲಾರಂ ಮನೆಯಲ್ಲಿ ಇರಲೇಬೇಕು. ಆ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ನಿದ್ದೆಯಲ್ಲೇ ಪ್ರಾಣ ತೆಗೆಯುತ್ತದೆ. ಒಲೆಗೆ ತಾಗಿಸಿ ಬಟ್ಟೆ ಒಣಹಾಕುವುದನ್ನೂ ನಿಲ್ಲಿಸಿ. ಒಂದು ಮೀಟರ್ ದೂರ ಇರಲಿ. ಅದಕ್ಕೂ ಮೊದಲು ಬಟ್ಟೆಯನ್ನು ಸರಿಯಾಗಿ ಹಿಂಡಿ. ನೀರು ತೊಟ್ಟಿಕ್ಕುವ ಟವೆಲ್ಲನ್ನು ತಂದು ಹರಡುತ್ತೀರಿ, ತೋಳಲ್ಲಿ ಶಕ್ತಿ ಇಲ್ಲವೇ?

ಈಗ ಸೋಲಾರ್ ವಿಷಯ. ನಮ್ಮ ಸೊಸೆ ಹೇಳುತ್ತಾಳೆ, "ಅತ್ತೆ, ಮೇಲೆ ಪ್ಯಾನೆಲ್ ಇದೆಯಲ್ಲ, ಒಲೆ ಯಾಕೆ, ಹೀಟರ್ ಹಾಕಿದರಾಯಿತು." ಹಾಕು ತಾಯಿ. 2,000 ವ್ಯಾಟಿನ ಹೀಟರ್ ಗಂಟೆಗೆ 2 ಯೂನಿಟ್ ನುಂಗುತ್ತದೆ. 5 ಯೂನಿಟ್ಟಿನ ಬ್ಯಾಟರಿ ಎರಡೂವರೆ ಗಂಟೆಯೊಳಗೆ ಬರಿದು. ಕೊಡದಲ್ಲಿ ನೀರು ಹೊತ್ತು ಗದ್ದೆಗೆ ಹಾಯಿಸಿದ ಹಾಗೆ. ಅಷ್ಟೇ ಕಾವನ್ನು ಒಳ್ಳೆಯ ಒಲೆಯಲ್ಲಿ ಸುಮಾರು 2 ಕಿಲೋ ಒಣ ಸೌದೆ ಕೊಡುತ್ತದೆ. ಬ್ಯಾಟರಿಯನ್ನು ದೀಪಕ್ಕೆ, ಪಂಪಿಗೆ, ಒಲೆಯ ಕಾವನ್ನು ಪಕ್ಕದ ಕೋಣೆಗೆ ತಳ್ಳುವ ಸಣ್ಣ ಫ್ಯಾನಿಗೆ ಇಟ್ಟುಕೊಳ್ಳಿ. ಕರೆಂಟಿನಿಂದಲೇ ಕಾಯಿಸಬೇಕು ಅನ್ನುವುದಾದರೆ, ಬಿಸಿ ಗಾಳಿಯನ್ನೂ ಕೊಡುವ ಎಸಿ ಇದೆಯಲ್ಲ, ಅದು ವಾಸಿ. ಹೊರಗಿನ ಗಾಳಿಯಿಂದಲೇ ಕಾವು ಎಳೆದು ತರುವುದರಿಂದ ಒಂದು ಯೂನಿಟ್ಟಿಗೆ ಮೂರರಷ್ಟು ಕೊಡುತ್ತದೆ. ಅದನ್ನೂ ಬಿಸಿಲಿರುವ ಮಧ್ಯಾಹ್ನವೇ ಹಾಕಿ, ಗೋಡೆ ನೆಲ ಬಿಸಿ ಹಿಡಿದಿರಲಿ. ಸಂಜೆಗೆ ಒಲೆ.

ಹಗಲು ಬಿಸಿಲು ಬೀಳುವ ಕಿಟಕಿಯ ಪರದೆ ಸರಿಸಿ, ಹೊತ್ತು ಇಳಿಯುತ್ತಿದ್ದಂತೆ ಎಳೆಯಿರಿ. ಇದಕ್ಕೆ ಪ್ಯಾನೆಲ್ಲೂ ಬೇಡ, ಸೌದೆಯೂ ಬೇಡ. ಆದರೂ ಯಾರೂ ಮಾಡುವುದಿಲ್ಲ.

ಬ್ಯಾಟರಿ ಇಲ್ಲದೆ ಬರೀ ಲೈನಿಗೆ ಜೋಡಿಸಿದ ಸೋಲಾರ್ ಆದರೆ, ಕರೆಂಟು ಹೋದಾಗ ನಡುಹಗಲಲ್ಲೂ ಅದು ನಿಲ್ಲುತ್ತದೆ. ಲೈನು ರಿಪೇರಿ ಮಾಡುವವರಿಗೆ ಶಾಕ್ ಹೊಡೆಯಬಾರದು ಅಂತ ಹಾಗೆ ಮಾಡಿರುತ್ತಾರೆ. ಹಾಗಾಗಿ ಸೋಲಾರ್ ಬಂತು ಅಂತ ಒಲೆ ಕೀಳಿಸಬೇಡಿ. ಪ್ಯಾನೆಲ್ ಕೂರಿಸುವವರ ಜೊತೆ ನೀವೂ ನಿಂತು ಕೊಳವೆಯ ನೆರಳು ಎಲ್ಲಿಗೆ ಬೀಳುತ್ತದೆ ನೋಡಿ. ಚಳಿಗಾಲದ ಸೂರ್ಯ ತಗ್ಗಿನಲ್ಲೇ ಓಡಾಡುತ್ತಾನೆ, ಬೇಸಿಗೆಯಲ್ಲಿ ಮುಟ್ಟದ ನೆರಳು ಆಗ ಉದ್ದಕ್ಕೆ ಚಾಚುತ್ತದೆ. ಒಂದು ಪ್ಯಾನೆಲ್ಲಿನ ಮೂಲೆಗೆ ನೆರಳು ಬಿದ್ದರೂ ಅದರ ಜೊತೆ ಸಾಲಾಗಿ ಜೋಡಿಸಿದ ಬೇರೆಯವೂ ಸೊರಗಬಹುದು. ಹಸಿ ಸೌದೆ ಸುಡುವ ಮನೆಯಲ್ಲಿ ಮಸಿಯೂ ಅದರ ಮೇಲೇ ಕೂರುತ್ತದೆ. ಬೆಳಿಗ್ಗೆ ಗಾಜು ತಣ್ಣಗಿರುವಾಗ ಬರೀ ನೀರು, ಮೆತ್ತನೆ ಬಟ್ಟೆಯಲ್ಲಿ ಒರೆಸಿ. ಸುಡು ಬಿಸಿಲಲ್ಲಿ ಕಾದ ಗಾಜಿಗೆ ತಣ್ಣೀರು ಎರಚಿದರೆ ಬಿರುಕು ಬಿಟ್ಟೀತು. ಒಲೆಯ ಗಾಜಿಗಾದರೆ ಒದ್ದೆ ಕಾಗದವನ್ನು ನುಣ್ಣನೆ ಬೂದಿಯಲ್ಲಿ ಅದ್ದಿ ತಿಕ್ಕಿ, ಒಲೆ ಆರಿದ ಮೇಲೆ. ಸೋಪು ಬೇಡ.

ಉಳಿದ ಬೂದಿಯನ್ನು ಮುಚ್ಚಳವಿರುವ ತಗಡಿನ ಬಕೆಟ್ಟಿಗೆ ತುಂಬಿ ಮನೆಯ ಹೊರಗೆ, ಕಲ್ಲಿನ ಮೇಲೆ ಇಡಿ. ಮೇಲೆ ತಣ್ಣಗಿದ್ದರೂ ಒಳಗೆ ಕೆಂಡ ಎರಡು ಮೂರು ದಿನ ಬದುಕಿರುತ್ತದೆ. ಪ್ಲಾಸ್ಟಿಕ್ ಬಕೆಟ್ಟಿಗೆ ಸುರಿಯುವವರಿಗೆ ಒಲೆ ಮುಟ್ಟಲು ನಾನಂತೂ ಬಿಡುವುದಿಲ್ಲ.